ಗಾಜಿನ ಕಿಂಡಿಯ ಓಸ್ಮೊ

ಕೆಲಸಕ್ಕೆ ಸೇರಿದ ಮೊದಲ ವಾರದಲ್ಲೇ ನಾನು ನಮ್ಮ ರಿಂಕ್‌ನ, ಅಂದರೆ ಐಸ್ ಹಾಕಿ ಅಂಗಳದ, ಐಸ್ ಕೊಳಕಾಗಿದೆ ಎಂದು ದೂರು ಕೊಟ್ಟೆ. ಅದೂ ಯಾರಿಗೆ? ಇಪ್ಪತ್ತೆರಡು ವರ್ಷದಿಂದ ಆ ಐಸನ್ನು ಎಳೆ ಮಗುವಿಗೆ ಎಣ್ಣೆ ಹಚ್ಚಿ ನೀರೆರೆಯುವ ಹಾಗೆ ನೋಡಿಕೊಂಡು ಬಂದಿದ್ದ ರೈಮೊಗೆ.

ಫಿನ್ಲೆಂಡಿನ ಪೂರ್ವದ ಅಂಚಿನಲ್ಲಿರುವ ಹಾಲ್ಮೆಯೊಕಿಯ ಐಸ್ ಹಾಕಿ ತಂಡದಲ್ಲಿ ನನ್ನ ಹುದ್ದೆಯ ಹೆಸರು ‘ಪ್ರಚಾರ ಮತ್ತು ಮಾಧ್ಯಮ ಸಂಯೋಜಕ’. ಹೆಸರು ಸಂಬಳಕ್ಕಿಂತ ಉದ್ದ. ಬೆಳಿಗ್ಗೆ ತಂಡದ ಜಾಲತಾಣಕ್ಕೆ ಚಿತ್ರ ಹಾಕಬೇಕು, ಮಧ್ಯಾಹ್ನ ಟಿಕೆಟ್ ಕಿಟಕಿಯಲ್ಲಿ ಕೂರಬೇಕು, ಪಂದ್ಯದ ಬಿಡುವಿನಲ್ಲಿ ಸಾಸೇಜ್ ಬಿಸಿ ಮಾಡಿ ಸಾಸಿವೆ ಹಚ್ಚಿ ಕೊಡಬೇಕು. ಈ ಮೂರರಲ್ಲಿ ನನ್ನ ಕೈ ಚೆನ್ನಾಗಿ ಪಳಗಿದ್ದು ಸಾಸಿವೆಯಲ್ಲಿ ಮಾತ್ರ. ಆದರೂ ಮೊದಲ ಪಂದ್ಯಕ್ಕೆ ತಂಡದ ಹಳೇ ಕ್ಯಾಮೆರಾ ನನ್ನ ಕೊರಳಿಗೆ ಬಿತ್ತು. ಪಕ್ ಎನ್ನುವ ಕಪ್ಪು ರಬ್ಬರ್ ಬಿಲ್ಲೆ ಎಲ್ಲೆಲ್ಲಿ ಓಡಿತೋ ಅಲ್ಲೆಲ್ಲ ಕ್ಯಾಮೆರಾ ಓಡಿಸಿ ಒಂಬೈನೂರು ಚಿತ್ರ ತೆಗೆದೆ. ಮಾರನೆಯ ದಿನ ಕಂಪ್ಯೂಟರಿನಲ್ಲಿ ತೆರೆದು ನೋಡಿದರೆ ಒಂಬೈನೂರರಲ್ಲೂ ಐಸು ಬಟ್ಟೆ ಒಗೆದ ನೀರಿನ ಬಣ್ಣ. ಇದನ್ನು ಯಾರೂ ಗಮನಿಸಿಲ್ಲವಲ್ಲ, ನಾನೇ ಮೊದಲಿಗ ಎಂದು ಒಳಗೊಳಗೆ ಬೀಗುತ್ತಾ ರೈಮೊನನ್ನು ಹುಡುಕಿಕೊಂಡು ಹೋದೆ. ಅವನು ಯಂತ್ರದ ಕೋಣೆಯ ಪಕ್ಕದ ಚಿಕ್ಕ ಅಡುಗೆಮನೆಯಲ್ಲಿ ಕಾಫಿ ಕುಡಿಯುತ್ತಿದ್ದ.

“ರೈಮೊ, ಐಸ್ ಸ್ವಲ್ಪ ಕೊಳೆಯಾಗಿದೆ. ನೀರು ಬದಲಾಯಿಸ್ಬೇಕೇನೋ.”

ರೈಮೊ ಲೋಟ ಕೆಳಗಿಟ್ಟ. “ಯಾರು ಹೇಳಿದ್ದು?”

“ಕ್ಯಾಮೆರಾ.”

“ನಿನ್ನ ಕ್ಯಾಮೆರಾಗೆ ಹೇಳು, ಬಂದು ನೆಕ್ಕಿ ನೋಡ್ಲಿ. ಹಾಗೇ ನೀನೂ ನೆಕ್ಕು. ನಾಲಿಗೆ ಅಂಟ್ಕೊಂಡ್ರೆ ಬಿಡಿಸೋಕೆ ಮಾತ್ರ ನನ್ನ ಕರೀಬೇಡ.”

ಮೂಲೆಯ ಮೇಜಿನಲ್ಲಿ ಕಪ್ಪು ರೈ ಬ್ರೆಡ್ಡಿಗೆ ಬೆಣ್ಣೆ ಸವರುತ್ತಿದ್ದ ಮುದುಕನೊಬ್ಬ ತಲೆ ಎತ್ತದೆಯೇ ಹೇಳಿದ: “ಬಿಡು ರೈಮೊ. ಪಾಪ, ಕ್ಯಾಮೆರಾ ಹೇಳಿದ್ದನ್ನ ನಂಬ್ಬಿಟ್ಟಿದಾನೆ. ಲೋ ಹುಡ್ಗ, ಕ್ಯಾಮೆರಾಗೆ ಬಿಳಿ ಅಂದ್ರೇನು ಅಂತ ಗೊತ್ತಿಲ್ಲ. ಇಡೀ ಲೋಕ ಬೂದಿ ಬಣ್ಣದ್ದು ಅಂತ ಅದರ ನಂಬಿಕೆ. ಈ ಊರಲ್ಲೇ ಹುಟ್ಟಿರ್ಬೇಕು. ಅದು ಎಷ್ಟು ಬೆಳಕು ಸಾಕು ಅನ್ನುತ್ತೋ ಅದಕ್ಕಿಂತ ಜಾಸ್ತಿ ಕೊಡು. ಆಗ ಐಸ್ ಐಸಾಗುತ್ತೆ.”

ಆ ಮುದುಕನೇ ಓಸ್ಮೊ ಹೋಂಕಲ. ರೈಮೊ ನನ್ನ ಜೊತೆ ಎರಡು ವಾರ ಮಾತಾಡಲಿಲ್ಲ. ಅಷ್ಟರಲ್ಲಿ ನಾನು ಓಸ್ಮೊನ ಬೆನ್ನು ಹತ್ತಿದ್ದೆ.

ವಯಸ್ಸಿನಲ್ಲಿ ಅವನು ನನ್ನ ತಾತನಿಗೆ ಹತ್ತಿರ. ಆದರೆ ನಮ್ಮಲ್ಲಿ ಪಾದ್ರಿಗೂ ‘ನೀನು’ ಎನ್ನುವುದೇ ರೂಢಿ, ಓಸ್ಮೊನನ್ನು ಬಹುವಚನದಲ್ಲಿ ಕರೆದಿದ್ದರೆ ಹಿಂದೆ ಇನ್ಯಾರೋ ನಿಂತಿದ್ದಾರೆಂದು ತಿರುಗಿ ನೋಡುತ್ತಿದ್ದ. ಇಪ್ಪತ್ತೇಳು ವರ್ಷ ಕಾಗದದ ಗಿರಣಿಯಲ್ಲಿ ಸುರುಳಿಗಳನ್ನು ಕಟ್ಟುವ ವಿಭಾಗದಲ್ಲಿದ್ದವನು. ಗಿರಣಿ ಮುಚ್ಚಿದ ದಿನ ಕಟ್ಟಕಡೆಯ ಸುರುಳಿಯ ಚಿತ್ರ ತೆಗೆದು, ಕೈಗವಸು ಕಳಚಿ ಅದರ ಮೇಲಿಟ್ಟು ಮನೆಗೆ ಬಂದನಂತೆ. ಆಮೇಲೆ ಸೇತುವೆಯ ಪಕ್ಕ ಒಂದು ಚಿಕ್ಕ ಸ್ಟುಡಿಯೊ ಇಟ್ಟುಕೊಂಡ, ಪಾಸ್‌ಪೋರ್ಟಿಗೆ ಮತ್ತು ಲೈಸೆನ್ಸಿಗೆ ಬೇಕಾದ ಮುಖಚಿತ್ರ ತೆಗೆಯಲು. ಅವನ ಅಪ್ಪನೂ ಛಾಯಾಗ್ರಾಹಕನೇ. ಹಳೆಯ ಕಾಲದಲ್ಲಿ ನಮ್ಮ ಕಡೆ ಶವಪೆಟ್ಟಿಗೆಯ ಮುಚ್ಚಳ ತೆಗೆದು, ಸುತ್ತ ಮನೆಯವರೆಲ್ಲ ನಿಂತು ಚಿತ್ರ ತೆಗೆಸಿಕೊಳ್ಳುತ್ತಿದ್ದರು. ಅಪ್ಪನ ಸಂಪಾದನೆ ಅದರಿಂದ.

“ಅಪ್ಪಂದು ಸುಖದ ಕೆಲಸ,” ಎಂದ ಓಸ್ಮೊ ಒಮ್ಮೆ. “ಎಲ್ರೂ ಅಲ್ಲಾಡದೆ ನಿಲ್ತಿದ್ರು. ಒಬ್ಬ ಅಂತೂ ಗ್ಯಾರಂಟಿ.”

ಮೂವತ್ತನಾಲ್ಕು ವರ್ಷದಿಂದ ತಂಡದ ಪ್ರತಿಯೊಂದು ಪಂದ್ಯವನ್ನೂ ಓಸ್ಮೊ ಒಂದೇ ಜಾಗದಿಂದ ತೆಗೆದಿದ್ದ. ರಿಂಕ್‌ನ ಸುತ್ತ ಹಲಗೆಯ ಗೋಡೆ, ಅದರ ಮೇಲೆ ದಪ್ಪ ಗಾಜು. ಆಟಗಾರರ ಬೆಂಚಿಗೆ ಸರಿಯಾಗಿ ಎದುರಿನ ಬದಿಯಲ್ಲಿ ಆ ಗಾಜಿಗೆ ಒಂದು ಕಿಂಡಿ ಕೊರೆದಿದ್ದರು, ಲೆನ್ಸಿನ ಮೂತಿ ಹಿಡಿಸುವಷ್ಟು. ಅಲ್ಲಿ ನಿಲ್ಲುವವನಿಗೆ ಗಾಜಿನ ಗೀರುಗಳ ಕಾಟವಿಲ್ಲ, ಆದರೆ ಗಾಜಿನ ಕಾವಲೂ ಇಲ್ಲ. ಬಹಳ ಹಿಂದೆ ಆ ಕಿಂಡಿಯಿಂದ ತೂರಿಬಂದ ಪಕ್ ಓಸ್ಮೊನ ಕೆನ್ನೆಯ ಮೂಳೆ ಮುರಿದಿತ್ತು. ಎಡಗೆನ್ನೆ ಬಲಗೆನ್ನೆಗಿಂತ ಒಂದು ಬೆರಳು ಕೆಳಗೆ ಕೂತಿತ್ತು. ನಕ್ಕರೆ ಅರ್ಧ ಮುಖ ಮಾತ್ರ ನಗುತ್ತಿತ್ತು. ಅಂಥ ತೊಂದರೆ ಅಪರೂಪಕ್ಕೆ ಬರುತ್ತಿತ್ತೆನ್ನಿ.

ಅವನ ಪಾಠಗಳು ಚುಟುಕು. ಹೊರಗೆ ಮೈನಸ್ ಇಪ್ಪತ್ತೈದು ಇದ್ದಾಗ ಬಂದ ಕ್ಯಾಮೆರಾವನ್ನು ಅರ್ಧ ಗಂಟೆ ಚೀಲದಿಂದ ತೆಗೆಯಬಾರದು, ಲೆನ್ಸು ಬೆವರುತ್ತದೆ. ಪಕ್ಕಿನ ಹಿಂದೆ ಓಡಬಾರದು.

“ಪಕ್ ಯಾರಿಗೆ ಬೇಕೋ? ಅಂಗಡೀಲಿ ಸಿಗುತ್ತೆ. ಮುಖ ನೋಡು. ಪಕ್ ಬರ್ತಿದೆ ಅಂತ ಮೊದ್ಲು ಗೊತ್ತಾಗೋದು ಮುಖಕ್ಕೆ.”

“ಹೆಲ್ಮೆಟ್ ಒಳಗೆ ಎಲ್ಲ ಕತ್ತಲು ಓಸ್ಮೊ. ಮೂಗೂ ಕಾಣಲ್ಲ.”

“ನಿಂತಾಗ ಕಾಣಲ್ಲ. ಬಗ್ಗೋ ತನಕ ಕಾಯಿ. ಬಗ್ಗಿದಾಗ ಐಸಿನ ಬೆಳಕು ಕೆಳಗಿಂದ ಮುಖಕ್ಕೆ ಬೀಳುತ್ತೆ. ಐಸೇ ನಿನ್ನ ದೀಪ. ಅದೂ ರೈಮೊ ಗಾಡಿ ಓಡಿಸಿ ನುಣುಪು ಮಾಡಿದ ಮೇಲೆ ಐದು ನಿಮಿಷ ಮಾತ್ರ. ಆಮೇಲೆ ಸ್ಕೇಟಿನ ಗೀರು ಬಿದ್ದು ದೀಪ ಮಂಕಾಗುತ್ತೆ. ಮೂರು ಅವಧಿ, ಹದಿನೈದು ನಿಮಿಷ. ಉಳಿದದ್ದು ಕಾಫಿ ಕುಡಿಯೋಕೆ.”

ನಿಜಕ್ಕೂ ಆ ಹದಿನೈದು ನಿಮಿಷ ಬಿಟ್ಟರೆ ಅವನು ಕ್ಯಾಮೆರಾ ಎತ್ತುತ್ತಿದ್ದುದೇ ಕಡಿಮೆ. ಎತ್ತಿದಾಗ ಮಾತ್ರ ಅವನ ಹತ್ತಿರ ಮಾತಾಡಿ ಪ್ರಯೋಜನವಿರಲಿಲ್ಲ. ಹೆಂಡತಿಯ ಬಗ್ಗೆ ಕೇಳಿದಾಗ, “ಇದ್ಲು. ಸ್ವೀಡನ್‌ಗೆ ಹೋದ್ಲು,” ಎಂದಿದ್ದ. ಬೀಳ್ಕೊಡಲು ಸ್ಟೇಷನ್ನಿಗೆ ಹೋಗಿದ್ದೆಯಾ ಎಂದರೆ, “ಶನಿವಾರ ಕಣೋ. ಪಂದ್ಯ ಇತ್ತು,” ಎಂದ. ನಾನು ನಕ್ಕೆ. ತಮಾಷೆಗೆ ಹೇಳಿದ್ದೆಂದು ತಿಳಿದಿದ್ದೆ.

ಎಷ್ಟು ಚಿತ್ರ ತೆಗೆದಿದ್ದೀಯ ಎಂದು ಕೇಳಿದ್ದಕ್ಕೆ ಅವನು ಲೆಕ್ಕ ಹೇಳಲಿಲ್ಲ. ಒಂದು ಚಿತ್ರ ಇನ್ನೂ ಸಿಕ್ಕಿಲ್ಲ ಎಂದ. ಎಂಥದ್ದು ಎಂದರೆ, ಸಿಕ್ಕಿದಾಗ ಗೊತ್ತಾಗುತ್ತದೆ ಎಂದ.

ನಮ್ಮಂಥ ಸಣ್ಣ ಊರಿನ ತಂಡ ನಡೆಯುವುದು ಆಟಗಾರರ ಅಪ್ಪ ಅಮ್ಮಂದಿರ ಬಿಟ್ಟಿ ದುಡಿಮೆಯಿಂದ. ಏಲಕ್ಕಿ ಬನ್ನು ಬೇಯಿಸುವವರು ಅವರೇ, ಗಡಿಯಾರ ನಿಲ್ಲಿಸುವವರು ಅವರೇ, ಹಲಗೆ ಗೋಡೆಯಲ್ಲಿರುವ ಬೆಂಚಿನ ಬಾಗಿಲು ಕಾಯುವವರೂ ಅವರೇ. ಬಾಗಿಲ ಕೆಲಸ ಸುಲಭವಲ್ಲ. ಪ್ರತಿ ಮುಕ್ಕಾಲು ನಿಮಿಷಕ್ಕೊಮ್ಮೆ ದಣಿದ ಆಟಗಾರರು ಒಳಗೆ ನುಗ್ಗುತ್ತಾರೆ, ಹೊಸಬರು ಹೊರಗೆ ಧುಮುಕುತ್ತಾರೆ. ಬಾಗಿಲು ಬೆಂಚಿನ ಕಡೆಗೆ ತೆರೆಯಬೇಕು, ತಕ್ಷಣ ಮುಚ್ಚಬೇಕು, ಚಿಲಕ ಬೀಳಬೇಕು. ನಮ್ಮ ತಂಡಕ್ಕೆ ಆ ಕೆಲಸ ಮಾಡುತ್ತಿದ್ದವನು ಕೌಕೊ ರಂತಾಲ, ಮರದ ದಿಮ್ಮಿ ಸಾಗಿಸುವ ಲಾರಿಯ ಚಾಲಕ. ಮಗ ಸಮುಲಿ ಎಂಟು ವರ್ಷದವನಿದ್ದಾಗ ಮಕ್ಕಳ ತಂಡದ ಬಾಗಿಲು ಹಿಡಿದವನು, ಮಗ ಮೇಲೇರಿದ ಹಾಗೆ ತಾನೂ ಬಾಗಿಲಿನಿಂದ ಬಾಗಿಲಿಗೆ ಏರುತ್ತಾ, ಮಗ ಹತ್ತೊಂಬತ್ತಕ್ಕೆ ಮುಖ್ಯ ತಂಡಕ್ಕೆ ಬಂದಾಗ ಮುಖ್ಯ ತಂಡದ ಬಾಗಿಲಿಗೆ ಬಂದಿದ್ದ.

“ನಮ್ಮನೇಲಿ ಇಬ್ರು ಆಡ್ತೀವಿ,” ಎನ್ನುತ್ತಿದ್ದ ಸಾಸೇಜ್ ಕೊಳ್ಳಲು ಬಂದಾಗ. “ಒಬ್ಬ ಒಳಗೆ, ಒಬ್ಬ ಬಾಗಿಲಲ್ಲಿ.”

“ಯಾರು ಚೆನ್ನಾಗಿ ಆಡ್ತಾರೆ ಕೌಕೊ?”

“ಬಾಗಿಲಿನವನು ಇದುವರೆಗೂ ಒಂದು ತಪ್ಪೂ ಮಾಡಿಲ್ಲ. ಇನ್ನೊಬ್ಬಂದು ನೀನೇ ಜಾಲತಾಣದಲ್ಲಿ ಬರೀತೀಯಲ್ಲ.”

ಬಾಗಿಲ ವಿಷಯದಲ್ಲಿ ನಮ್ಮ ರಿಂಕ್‌ಗೆ ಒಂದು ಕಟ್ಟಳೆ. ಆಟದ ನಡುವೆ ಬಾಗಿಲು ತೆರೆದಿರುವುದು ಯಾರ ಕಣ್ಣಿಗೆ ಬಿದ್ದರೂ, ಅವರು ಎದುರಾಳಿಯ ಊರಿನವರೇ ಆಗಲಿ, ಗಾಜನ್ನು ಅಂಗೈಯಿಂದ ದಬದಬ ಬಡಿದು “ಬಾಗ್ಲು!” ಎಂದು ಕೂಗಬೇಕು. ಸುತ್ತಲಿನವರೂ ಬಡಿಯತೊಡಗುತ್ತಾರೆ. ರೆಫರಿ ಸೀಟಿ ಊದುತ್ತಾನೆ, ಆಟ ನಿಲ್ಲುತ್ತದೆ. ನಮ್ಮೂರ ಮಕ್ಕಳು ಅಪ್ಪ ಅಮ್ಮ ಎನ್ನುವುದರ ಬೆನ್ನಿಗೇ ಕಲಿಯುವ ಮಾತು ಅದು. ಮೂರನೇ ಅವಧಿಯಲ್ಲಿ ಗೋಲು ಬೀಳುವಂತಿದ್ದಾಗಲೂ ಬಡಿದಿದ್ದಾರೆ, ಬಡಿದವರನ್ನು ಯಾರೂ ಬೈದಿಲ್ಲ.

ಫೆಬ್ರವರಿಯ ಒಂದು ಶನಿವಾರ ಮಧ್ಯಾಹ್ನದ ಪಂದ್ಯ. ಮೂರನೇ ಅವಧಿ ಶುರುವಾಗಿ ಮೂರು ನಿಮಿಷ. ರೈಮೊನ ಹೊಸ ಐಸು ಹೊಳೆಯುತ್ತಿತ್ತು. ಎರಡನೇ ಅವಧಿಯ ನಮ್ಮ ಗೋಲಿನ ಬಗ್ಗೆ ಜಾಲತಾಣಕ್ಕೆ ಏನೋ ಚಮತ್ಕಾರದ ಸಾಲು ಹೊಸೆಯುತ್ತಾ ನಾನು ಫೋನಿನಲ್ಲಿ ಮುಖ ಹುದುಗಿಸಿ ಮೇಲಿನ ಸಾಲಿನಲ್ಲಿ ಕೂತಿದ್ದೆ. ಆದ್ದರಿಂದ ನನ್ನ ಕಣ್ಣು ಏನನ್ನೂ ನೋಡಲಿಲ್ಲ. ಕಿವಿ ಮಾತ್ರ ಕೇಳಿತು. ಹಲಗೆಗೆ ಮೈ ಬಡಿದರೆ ದೊಡ್ಡ ಸದ್ದು ಬರುತ್ತದೆ, ಜನ ಅದಕ್ಕೆ ಚಪ್ಪಾಳೆ ತಟ್ಟುತ್ತಾರೆ. ಈ ಸದ್ದು ಚಿಕ್ಕದಾಗಿತ್ತು. ಯಾರೂ ತಟ್ಟಲಿಲ್ಲ. ತಲೆ ಎತ್ತಿದಾಗ ಸಮುಲಿ ಬೆಂಚಿನ ಬಾಗಿಲ ಹತ್ತಿರ ಬಿದ್ದಿದ್ದ, ಭುಜದವರೆಗೆ ಬೆಂಚಿನ ಒಳಗೆ, ಉಳಿದ ಮೈ ಐಸಿನ ಮೇಲೆ. ಬಾಗಿಲು ಪೂರಾ ತೆರೆದಿತ್ತು. ಎದುರಾಳಿ ತಂಡದವನು ನಿಯಮದ ಪ್ರಕಾರವೇ ಡಿಕ್ಕಿ ಹೊಡೆದಿದ್ದ, ಅವನೇ ಮಂಡಿಯೂರಿ ಕೂತು ಅಳುತ್ತಿದ್ದ. ಹಲಗೆ ಇರಬೇಕಾದ ಜಾಗದಲ್ಲಿ ಹಲಗೆ ಇರಲಿಲ್ಲ, ಸಮುಲಿಯ ಕುತ್ತಿಗೆ ಬಾಗಿಲ ಚೌಕಟ್ಟಿನ ಕಂಬಕ್ಕೆ ಬಡಿದಿತ್ತು. ಕೌಕೊ ಮಗನ ಹೆಲ್ಮೆಟ್ಟಿನ ಮೇಲೆ ಕೈ ಇಟ್ಟುಕೊಂಡು, “ಏಳೋ, ಏಳು ಮಗ, ನಿನ್ನ ಸರದಿ ಇನ್ನೂ ಮುಗಿದಿಲ್ಲ,” ಎನ್ನುತ್ತಿದ್ದ.

ಸಮುಲಿ ಬದುಕಿದ. ರಾಜಧಾನಿಯ ಆಸ್ಪತ್ರೆಯಲ್ಲಿ ಮಲಗಿದ್ದಾನೆ. ಕತ್ತಿನ ಕೆಳಗೆ ಏನೂ ಅಲ್ಲಾಡುವುದಿಲ್ಲ, ಇನ್ನು ಮುಂದೆ ಅಲ್ಲಾಡುವುದೂ ಇಲ್ಲವಂತೆ.

ಕೌಕೊನ ಹೆಂಡತಿ ಆಸ್ಪತ್ರೆಯ ಹತ್ತಿರ ಕೋಣೆ ಹಿಡಿದಳು. ಕೌಕೊ ವಾರಕ್ಕೆರಡು ಸಲ ಹೋಗಿ ಬರುತ್ತಿದ್ದ. ಉಳಿದ ದಿನ ಮಧ್ಯಾಹ್ನ ರಿಂಕ್‌ಗೆ ಬರುತ್ತಿದ್ದ. ಖಾಲಿ ಬೆಂಚಿನಲ್ಲಿ ನಿಂತು ಬಾಗಿಲು ತೆರೆಯುತ್ತಿದ್ದ, ಮುಚ್ಚುತ್ತಿದ್ದ, ಚಿಲಕದ ಸದ್ದಿಗೆ ಕಿವಿಗೊಡುತ್ತಿದ್ದ. ಟಕ್. ಮತ್ತೆ ತೆರೆಯುತ್ತಿದ್ದ. ಟಿಕೆಟ್ ಕಿಟಕಿಯಲ್ಲಿ ಕೂತ ನನಗೆ ಅದು ಕೇಳುತ್ತಿತ್ತು. ಆಮೇಲೆ ಎದುರಿಗೆ ಸಿಕ್ಕವರನ್ನೆಲ್ಲ ಕೇಳುತ್ತಿದ್ದ.

“ನೀನು ಅವತ್ತು ಬಂದಿದ್ಯಲ್ಲ. ನಾನು ಬಾಗ್ಲು ಹಾಕಿದ್ನಾ?”

“ನೋಡ್ಲಿಲ್ಲ ಕೌಕೊ.”

“ಹಾಕಿದ್ದೆ. ಸದ್ದು ಕೇಳಿದ ಹಾಗಿದೆ ನಂಗೆ. ಹೊಡೆತಕ್ಕೆ ಚಿಲಕ ಹಾರಿರ್ಬೇಕು. ಅಲ್ವಾ?”

“ಇರ್ಬೇಕು.”

ನನ್ನನ್ನೂ ಕೇಳಿದ. ಫೋನ್ ನೋಡುತ್ತಿದ್ದೆ ಎಂದು ನಿಜ ಹೇಳಿದೆ. ಅದೊಂದೇ ನಿಜ ಹೇಳಲು ನನಗೆ ಅನುಕೂಲವಾಗಿತ್ತು. ಯಾಕೆಂದರೆ ಆ ಹೊತ್ತಿಗಾಗಲೇ ನಾನು ಓಸ್ಮೊ ತೆಗೆದ ಚಿತ್ರ ನೋಡಿದ್ದೆ.

ಪಂದ್ಯ ಮುಗಿದ ಕೂಡಲೇ ಓಸ್ಮೊನ ಮೆಮೊರಿ ಕಾರ್ಡನ್ನು ಕಂಪ್ಯೂಟರಿಗೆ ಇಳಿಸಿಕೊಳ್ಳುವುದು ನನ್ನ ಕೆಲಸ. ಆವತ್ತೂ ಅಭ್ಯಾಸಬಲದಿಂದ ಇಳಿಸಿದ್ದೆ. ಇಳಿಯುತ್ತಿದ್ದ ಹಾಗೆ ಒಂದೊಂದೇ ಪರದೆಯ ಮೇಲೆ ಹಾದು ಹೋಯಿತು, ಅವುಗಳ ಪೈಕಿ ಒಂದು ಹಾದು ಹೋಗಲಿಲ್ಲ. ನಾನೇ ನಿಲ್ಲಿಸಿದೆ. ಸಮುಲಿ ಪಕ್ ತೆಗೆದುಕೊಂಡು ತನ್ನ ಬೆಂಚಿನ ಮುಂದೆ ಬಗ್ಗಿ ಹಾರಿ ಬರುತ್ತಿದ್ದಾನೆ. ಐಸಿನ ಬೆಳಕು ಕೆಳಗಿನಿಂದ ಮುಖಕ್ಕೆ ಬಿದ್ದು ಹೆಲ್ಮೆಟ್ಟಿನೊಳಗೆ ದೀಪ ಹಚ್ಚಿಟ್ಟ ಹಾಗಿದೆ. ಹಲ್ಲು ಕಾಣುವಂತೆ ನಗುತ್ತಿದ್ದಾನೆ, ಪಕ್ಕದಿಂದ ಬರುತ್ತಿರುವವನನ್ನು ಇನ್ನೂ ಕಂಡಿಲ್ಲ. ಅವನ ಹಿಂದೆ, ಕೊಂಚ ಮಸುಕಾಗಿ, ಕೌಕೊ. ಎರಡೂ ಕೈ ಮೇಲೆತ್ತಿದ್ದಾನೆ, ಬಾಯಿ ತೆರೆದಿದೆ, ಮಗನಿಗೆ ಕೂಗುತ್ತಿದ್ದಾನೆ. ಅವನ ಸೊಂಟದ ಹತ್ತಿರ, ಬಿಳಿ ಹಲಗೆಯ ಸಾಲಿನಲ್ಲಿ, ಒಂದು ಗೇಣು ಅಗಲದ ಕಪ್ಪು ಪಟ್ಟಿ. ಬಾಗಿಲು.

ಅಂಥ ಚಿತ್ರವನ್ನು ನಾನು ಅದುವರೆಗೆ ನೋಡಿರಲಿಲ್ಲ. ಎಷ್ಟು ಚೆನ್ನಾಗಿದೆ ಎಂದು ಮೊದಲು ಅನ್ನಿಸಿತು, ಆಮೇಲಷ್ಟೇ ಸಮುಲಿ ನೆನಪಾದ. ಈ ಅನುಕ್ರಮಕ್ಕೆ ಇವತ್ತಿಗೂ ನಾಚಿಕೆಪಡುತ್ತೇನೆ.

ಕ್ರೀಡಾ ಒಕ್ಕೂಟದವರು ವಿಚಾರಣೆಗೆ ಬರುವ ಮೊದಲು ತಂಡದ ವ್ಯವಸ್ಥಾಪಕ ಪೆಂತ್ತಿ ನಮ್ಮಿಬ್ಬರನ್ನೂ ಕರೆದ. ಸದಾ ಆತುರದಲ್ಲಿರುವ ಮನುಷ್ಯ, ಕೋಟು ಬಿಚ್ಚದೆಯೇ ಕೂರುತ್ತಾನೆ.

“ಓಸ್ಮೊ, ಹೊಡೆತಕ್ಕೆ ಮೊದಲಿನ ಚಿತ್ರ ಏನಾದ್ರೂ ಇದ್ಯಾ?”

“ಇಲ್ಲ,” ಎಂದ ಓಸ್ಮೊ.

“ಒಂದೂ?”

“ಬಿದ್ದ ಮೇಲಿನದು ಇದೆ. ಅದಕ್ಕೆ ಮೊದ್ಲು ಲೆನ್ಸ್ ಒರೆಸ್ತಿದ್ದೆ.”

ಪೆಂತ್ತಿ ನನ್ನ ಕಡೆ ತಿರುಗಿದ. “ಯೂಸೊ, ಕಾರ್ಡ್ ಇಳಿಸೋದು ನೀನಲ್ವಾ?”

ನಾನು ಮೇಜಿನ ಮೇಲಿನ ಬನ್ನು ನೋಡಿದೆ. “ಓಸ್ಮೊ ಹೇಳಿದ ಹಾಗೇ,” ಎಂದೆ. ಓಸ್ಮೊ ಕೌಕೊನನ್ನು ಕಾಪಾಡುತ್ತಿದ್ದಾನೆ ಎಂದು ನನಗೆ ಅರ್ಥವಾಗಿತ್ತು, ಅಥವಾ ಅರ್ಥವಾಗಿತ್ತೆಂದು ನಾನು ನಂಬಿದ್ದೆ. ಇಂಥ ದೊಡ್ಡ ಮನಸ್ಸಿನವನ ಜೊತೆ ಸೇರಿ ಸುಳ್ಳು ಹೇಳಿದೆನಲ್ಲ ಎಂದು ಒಂದು ವಾರ ಎದೆಯುಬ್ಬಿಸಿಕೊಂಡೇ ಸಾಸೇಜ್ ಮಾರಿದೆ.

ಆ ವಾರ ಮುಗಿಯುವಷ್ಟರಲ್ಲಿ ಒಕ್ಕೂಟದ ವರದಿಯ ಕರಡು ಬಂತು. ಬಾಗಿಲು ಮುಚ್ಚಿತ್ತು ಎನ್ನುತ್ತಾನೆ ಕಾವಲಿನವನು, ಇಲ್ಲ ಎನ್ನುವವರು ಯಾರೂ ಇಲ್ಲ. ಹಾಗಾದರೆ ಚಿಲಕ ಸವೆದಿದ್ದಿರಬೇಕು. ಚಿಲಕಕ್ಕೆ ವಾರವಾರ ಎಣ್ಣೆ ಹಾಕಿ ಪರೀಕ್ಷಿಸಿ ಸಹಿ ಹಾಕುವವನು ರೈಮೊ. ವಿಚಾರಣೆ ಮುಗಿಯುವವರೆಗೆ ಮನೆಯಲ್ಲಿರು ಎಂದು ಪೆಂತ್ತಿ ರೈಮೊಗೆ ಹೇಳಿದ. ರೈಮೊ ತನ್ನ ಲೋಟ ತೊಳೆದು ಜೇಬಿಗೆ ಹಾಕಿಕೊಂಡು ಹೋದ. ಹೋಗುವಾಗ ಟಿಕೆಟ್ ಕಿಟಕಿಯ ಮುಂದೆ ನಿಂತ.

“ಆ ಚಿಲಕ ನನ್ನ ಹಲ್ಲಿಗಿಂತ ಗಟ್ಟಿಯಾಗಿದೆ,” ಎಂದ. “ನಿಂಗಾದ್ರೂ ಗೊತ್ತಿರ್ಲಿ ಅಂತ ಹೇಳ್ದೆ.”

ನನಗೆ ಗೊತ್ತಿತ್ತು. ಅದೇ ತೊಂದರೆ.

ಮಾರನೆಯ ದಿನ ಊಟದ ಬಿಡುವಿನಲ್ಲಿ ಓಸ್ಮೊನ ಸ್ಟುಡಿಯೊಗೆ ಹೋದೆ. ಬಿಳಿ ಪರದೆ, ಒಂದು ಸ್ಟೂಲು, ಎರಡು ದೀಪ, ಕಿಟಕಿಯಾಚೆ ಹೆಪ್ಪುಗಟ್ಟಿದ ನದಿ. ಓಸ್ಮೊ ಬಟಾಣಿ ಸೂಪು ಬಿಸಿ ಮಾಡುತ್ತಿದ್ದ.

“ರೈಮೊನ ಮನೆಗೆ ಕಳಿಸಿದ್ರು,” ಎಂದೆ.

“ಕೇಳ್ದೆ.”

“ನಾವು ಸುಮ್ನಿದ್ರೆ ಅವನ ಕೆಲಸ ಹೋಗುತ್ತೆ. ಬಾಯಿ ಬಿಟ್ರೆ ಕೌಕೊ ಸತ್ತೇ ಹೋಗ್ತಾನೆ. ಏನ್ ಮಾಡೋದು ಓಸ್ಮೊ? ನೀನು ಕೌಕೊಗೋಸ್ಕರ ಅಲ್ವಾ ಆ ಚಿತ್ರ...”

“ಯಾರು ಹೇಳಿದ್ರು ಕೌಕೊಗೋಸ್ಕರ ಅಂತ?”

ನಾನು ಬಾಯಿ ತೆರೆಯುವಷ್ಟರಲ್ಲಿ ಬಾಗಿಲ ಗಂಟೆಯ ಸದ್ದಾಯಿತು. ಒಳಗೆ ಬಂದವನು ಕೌಕೊ. ಒಂದು ತಿಂಗಳಲ್ಲಿ ಅವನ ಕೋಟು ದೊಡ್ಡದಾಗಿಬಿಟ್ಟಿತ್ತು.

“ಲಾರಿ ಲೈಸೆನ್ಸ್ ಮುಗೀತಾ ಬಂತು,” ಎಂದ. “ಚಿತ್ರ ಬೇಕು.”

ಓಸ್ಮೊ ಒಲೆ ಆರಿಸಿದ. ಸ್ಟೂಲು ತೋರಿಸಿದ. ಕೌಕೊ ಟೋಪಿ ತೆಗೆದು ಮೊಣಕಾಲಿನ ಮೇಲಿಟ್ಟುಕೊಂಡು ಕೂತ. ಓಸ್ಮೊ ದೀಪ ಹಚ್ಚಿ, ಕ್ಯಾಮೆರಾ ಹಿಂದೆ ನಿಂತು, “ಗದ್ದ ಸ್ವಲ್ಪ ಕೆಳಗೆ. ನೇರ ನೋಡು,” ಎಂದ. ಕೌಕೊ ನೇರ ನೋಡಿದ. ಕ್ಯಾಮೆರಾವನ್ನಲ್ಲ, ಓಸ್ಮೊನನ್ನು.

“ಅವತ್ತು ನೀನು ನನ್ನ ಎದುರಿಗೇ ನಿಂತಿದ್ದೆ. ಊರೆಲ್ಲ ಕೇಳ್ದೆ, ನಿನ್ನ ಒಬ್ಬನ್ನ ಕೇಳಿಲ್ಲ. ಹೆದರಿಕೆ ಆಗ್ತಿತ್ತು,” ಎಂದ. “ಮೂವತ್ತು ವರ್ಷದಲ್ಲಿ ನೀನು ಪಂದ್ಯದ ಮಧ್ಯ ಲೆನ್ಸ್ ಒರೆಸಿದ್ದನ್ನ ನಾನಂತೂ ನೋಡಿಲ್ಲ. ಪೆಂತ್ತಿಗೆ ಹಾಗೆ ಹೇಳಿದ್ಯಂತೆ. ಚಿತ್ರ ಇದೆ ಅಲ್ವಾ ಓಸ್ಮೊ?”

ನಾನು ನಡುವೆ ಬಾಯಿ ಹಾಕಿದೆ. “ಕೌಕೊ, ಸೂಪ್ ಆರ್ತಾ ಇದೆ, ಮೊದ್ಲು ಒಂದಿಷ್ಟು...” ಜೀವನದ ಅತಿ ಮುಖ್ಯ ಗಳಿಗೆಗಳಲ್ಲಿ ನನ್ನ ಬಾಯಿಂದ ಬರುವುದು ಊಟದ ಮಾತೇ.

“ನಿನ್ನ ಕೇಳ್ಲಿಲ್ಲ ಹುಡ್ಗ,” ಎಂದ ಕೌಕೊ, ಬೇಸರವಿಲ್ಲದೆ. “ಓಸ್ಮೊ, ಆಸ್ಪತ್ರೆಗೆ ಹೋದಾಗೆಲ್ಲ ಸಮುಲಿ ಕೇಳ್ತಾನೆ. ಅಪ್ಪ, ಏನಾಯ್ತು, ಬಾಗ್ಲು ತೆಗೆದಿತ್ತಾ ಅಂತ. ನಾನು ಹಾಕಿದ್ದೆ ಅಂತೀನಿ. ಅವನು ಸರಿ ಅಂತಾನೆ. ನನ್ನ ಮುಖ ನೋಡ್ತಾ ಸರಿ ಅಂತಾನೆ. ನಾಳೆ ಹೋದಾಗ್ಲೂ ಕೇಳ್ತಾನೆ. ಹಾಕಿದ್ದೆ ಅನ್ನೋದು ನಿಜಾನೋ ಸುಳ್ಳೋ, ನಂಗೇ ಗೊತ್ತಿಲ್ಲದೆ ಎಷ್ಟು ದಿನ ಅಂತ ಹೇಳ್ಲಿ?”

ಓಸ್ಮೊ ದೀಪ ಆರಿಸಿದ. ಒಳಕೋಣೆಯಿಂದ ಲ್ಯಾಪ್‌ಟಾಪ್ ತಂದು ಮೇಜಿನ ಮೇಲೆ ಇಟ್ಟ. ಹುಡುಕಬೇಕಾಗಿ ಬರಲಿಲ್ಲ, ತೆರೆದ ಕೂಡಲೇ ಆ ಚಿತ್ರ ಬಂತು. ಅದನ್ನೇ ನೋಡುತ್ತಾ ಇದ್ದಿರಬೇಕು.

ಕೌಕೊ ಬಹಳ ಹೊತ್ತು ಮಗನ ಮುಖ ನೋಡಿದ. ಬೆರಳು ಪರದೆಯ ಹತ್ತಿರ ಹೋಯಿತು, ಮುಟ್ಟಲಿಲ್ಲ. ಆಮೇಲೆ ಅವನ ಕಣ್ಣು ಹಿಂದಕ್ಕೆ ಸರಿಯಿತು.

“ಇದು ನಾನು.”

“ಹೌದು.”

“ಕೈ ಮೇಲಿದೆ.”

“ಹೌದು.”

“ಎರಡೂ.”

ಕೌಕೊ ಕಪ್ಪು ಪಟ್ಟಿಯನ್ನು ನೋಡಿದ. ನಾನು ನೀರು ತರಲು ಎದ್ದೆ, ಲೋಟ ಎಲ್ಲಿದೆ ಎಂದು ತಿಳಿಯದೆ ಅಲ್ಲೇ ನಿಂತೆ. ಕಿಟಕಿಯಾಚೆ ಯಾರೋ ಹೆಂಗಸು ಮಗುವನ್ನು ಜಾರುಬಂಡಿಯಲ್ಲಿ ಎಳೆದುಕೊಂಡು ನದಿಯ ಮೇಲೆ ಹೋಗುತ್ತಿದ್ದಳು.

“ರೈಮೊಗೆ ಫೋನ್ ಮಾಡ್ಬೇಕು ನಾನು,” ಎಂದ ಕೌಕೊ ಕೊನೆಗೆ. “ಪೆಂತ್ತಿಗೂ. ನಾಳೆ ಸಮುಲಿಗೂ ಹೇಳ್ಬೇಕು.” ಎದ್ದು ಟೋಪಿ ಹಾಕಿಕೊಂಡ. ಹೊರಡಲಿಲ್ಲ. “ಇದಕ್ಕೆ ಹಿಂದಿನದು ತೋರ್ಸು. ಯಾವಾಗಿಂದ ತೆಗೆದಿತ್ತು ಅಂತ ನೋಡ್ಬೇಕು.”

ಓಸ್ಮೊ ಹಿಂದಕ್ಕೆ ಹೋದ. ಚಿತ್ರದ ಕೆಳಗೆ ಗಂಟೆ, ನಿಮಿಷ, ಸೆಕೆಂಡು ಕಾಣುತ್ತಿತ್ತು. ಸಮುಲಿ ನಗುವ ಮುನ್ನ. ಸಮುಲಿಗೆ ಪಕ್ ಸಿಗುವ ಮುನ್ನ. ಸಮುಲಿ ತನ್ನ ಗೋಲಿನ ಹಿಂದೆ ತಿರುಗುತ್ತಿರುವುದು. ಅದಕ್ಕೂ ಹಿಂದೆ, ಆಟ ಇನ್ನೊಂದು ತುದಿಯಲ್ಲಿದ್ದಾಗ, ಲೆನ್ಸು ಬೆಂಚಿನ ಕಡೆಗೇ ತಿರುಗಿತ್ತು. ದಣಿದು ಒಳಗೆ ಹೋದ ಆಟಗಾರನೊಬ್ಬ ಬೆಂಚಿನ ಮೇಲೆ ಕುಸಿಯುತ್ತಿದ್ದಾನೆ, ಕೌಕೊ ಅವನ ಬೆನ್ನು ತಟ್ಟುತ್ತಿದ್ದಾನೆ. ಈ ಚಿತ್ರದಲ್ಲಿ ಮಸುಕೆಂಬುದೇ ಇರಲಿಲ್ಲ. ತೆರೆದ ಬಾಗಿಲ ಅಂಚು, ಮೇಲೆದ್ದ ಚಿಲಕ, ಚಿಲಕದ ಮೇಲೆ ರೈಮೊ ಹಾಕಿದ ಎಣ್ಣೆಯ ಹೊಳಪು, ಎಲ್ಲ ಕಣ್ಣಿಗೆ ಹೊಡೆದ ಹಾಗೆ ಕಾಣುತ್ತಿತ್ತು. ಓಸ್ಮೊ ಅಲ್ಲಿಂದಾಚೆಗೆ ಹೋಗಲಿಲ್ಲ.

ನಾನು ಅವತ್ತು ಮುಖ್ಯವಾದ ಒಂದೇ ಚಿತ್ರ ನೋಡಿ ಕಂಪ್ಯೂಟರ್ ಮುಚ್ಚಿದ್ದೆ. ಹಿಂದೆ ಹೋಗಿ ನೋಡಬೇಕೆಂದು ಹೊಳೆದಿರಲಿಲ್ಲ. ಹೊಳೆದದ್ದು ಲಾರಿ ಓಡಿಸುವವನಿಗೆ. ಬ್ರೇಕ್ ಹಾಕಲು ಎಷ್ಟು ದೂರ ಬೇಕೆಂದು ಲೆಕ್ಕ ಹಾಕುತ್ತಲೇ ಬದುಕಿದವನು.

“ಹದಿನೆಂಟು ಸೆಕೆಂಡು,” ಎಂದ ಕೌಕೊ.

ಓಸ್ಮೊ ತಲೆಯಾಡಿಸಿದ.

“ಹದಿನೆಂಟು ಸೆಕೆಂಡು ನಾನು ನೋಡ್ಲಿಲ್ಲ. ನಾನು ಕುರುಡ. ಮಗ ಆಡ್ತಿದ್ದ, ಅವನನ್ನ ಬಿಟ್ರೆ ನಂಗೆ ಬೇರೇನೂ ಕಾಣ್ಲಿಲ್ಲ. ನನ್ನ ಪಾಪ ನಾನು ಹೊತ್ಕೋತೀನಿ.” ಅವನು ಓಸ್ಮೊನ ಹತ್ತಿರ ಬಂದ. ಕೂಗಲಿಲ್ಲ. ಹೊಡೆಯುತ್ತಾನೆಂದು ನಾನು ಹೆದರಿದ್ದೆ, ಕೈ ಜೇಬಿನಿಂದ ಹೊರಗೇ ಬರಲಿಲ್ಲ. “ಆದ್ರೆ ನೀನು ನೋಡ್ದೆ. ನಿನ್ನ ಕೈ ಪಕ್ಕದಲ್ಲೇ ಗಾಜಿತ್ತು. ಮೂರು ಸಲ ಬಡಿದಿದ್ರೆ ಆಟ ನಿಲ್ತಿತ್ತು. ಯಾಕೆ ಬಡೀಲಿಲ್ಲ ಓಸ್ಮೊ?”

ನಾನು ಹೇಗಾದರೂ ಮಾಡಿ ಓಸ್ಮೊನನ್ನು ಪಾರುಮಾಡಬೇಕೆಂದುಕೊಂಡೆ. “ಕ್ಯಾಮೆರಾದೊಳಗಿಂದ ನೋಡ್ವಾಗ ಅಷ್ಟು ಸರಿಯಾಗಿ ಕಾಣಲ್ಲ ಕೌಕೊ,” ಎಂದೆ. “ಮುಖ ಬಿಟ್ಟು ಸುತ್ತಮುತ್ತ ಎಲ್ಲ...”

“ನೀನು ಸುಮ್ನಿರು,” ಎಂದ ಓಸ್ಮೊ ನನಗೆ. ಕೌಕೊ ಕಡೆ ತಿರುಗಿದ.

“ಕಾಣಿಸ್ತಿತ್ತು,” ಎಂದ. “ಬಡಿದ್ರೆ ಸೀಟಿ ಊದ್ತಿದ್ರು. ನಂಗೆ ಆ ಚಿತ್ರ ಬೇಕಿತ್ತು.”